ವಲ್ಲಿಯ ಕೆಳಗೆ ಕುದುರಿದ ಸಂಬಳ

ಮನುಷ್ಯನಾದವನು ತನ್ನ ಬೆಲೆಯನ್ನು ತಾನೇ ಅರಿತಿರಬೇಕು ಎಂದು ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಒಬ್ಬರೂ ಫೆಸಿಲಿಟಿ ಮೇಂಟೆನೆನ್ಸ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿದವರಲ್ಲ.

ನಾನು ಹಾಕಿದ್ದೆ. ಆಗ ನಾನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಸೂಪರ್‌ವೈಸರ್. ಗಿರಣಿ ಎಂದರೆ ಬರೀ ಅಕ್ಕಿ ಎಂದು ತಿಳಿದವರಿಗೆ ಗಿರಣಿ ಗೊತ್ತಿಲ್ಲ. ಬಾಯ್ಲರ್ ಇದೆ, ಜನರೇಟರ್ ಇದೆ, ತಗಡಿನ ಛಾವಣಿ ಇದೆ, ಹಮಾಲರ ಪಾಯಖಾನೆ ಇದೆ, ತೌಡಿನ ಚೀಲಗಳ ಸಂದಿಯಲ್ಲಿ ಇಲಿಯನ್ನು ಹುಡುಕಿಕೊಂಡು ಬರುವ ಹಾವಿದೆ. ಸೋರುವುದು, ಸಿಡಿಯುವುದು, ನಾರುವುದು, ಹರಿದಾಡುವುದು ಎಲ್ಲವೂ ನನ್ನ ಇಲಾಖೆ. ಮನೆ ಮಾತ್ರ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗುವುದು, ಬಸ್ಸಿನಲ್ಲಿ ಬರುವುದು. ಕರೂರು, ದೇಶನೂರಿನ ಭತ್ತ ಗಿರಣಿಗೆ ಬರುವ ಸುಗ್ಗಿಯಲ್ಲಂತೂ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ಮದುವೆಯ ಮೆರವಣಿಗೆಯಂತೆ ಸಾಗುತ್ತಿತ್ತು. ಎಷ್ಟೋ ವರ್ಷ ಮುಂದಿನ ಸೀಟಿಗೆ ಮೊಣಕಾಲು ಒತ್ತಿಕೊಂಡು ಕೂತ ಮೇಲೆ ಡಾಕ್ಟರು ತೀರ್ಪು ಕೊಟ್ಟರು: "ಒಂದೋ ಬಸ್ಸು ಬಿಡ್ರಿ, ಇಲ್ಲಾ ಮಣಕಾಲು ಬಿಡ್ರಿ."

ಮೊಣಕಾಲಿನ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಅಭಿಮಾನ. ಅಷ್ಟರಲ್ಲಿ ಬಳ್ಳಾರಿಯಲ್ಲೊಂದು ಹೊಸ ಖಾಸಗಿ ಆಸ್ಪತ್ರೆ ಎದ್ದಿತು. ನಮ್ಮ ಮನೆಯಿಂದ ಹೊರಟರೆ ತಟ್ಟೆಯಲ್ಲಿನ ಅನ್ನ ಆರುವುದರೊಳಗೆ ಮುಟ್ಟಬಹುದಾದ ದೂರ. ಕಟ್ಟಡ ನೋಡಿಕೊಳ್ಳಲು ಅವರಿಗೊಬ್ಬ ಮನುಷ್ಯ ಬೇಕಾಗಿತ್ತು. ಅಲ್ಲಿನ ಎಚ್‌ಆರ್ ಮೇಡಂ, ಮೈಸೂರು ಕಡೆಯ ಹುಡುಗಿ, ನನ್ನನ್ನು ಒಂದು ಸಲ ಮಾತಾಡಿಸಿ ಒಪ್ಪಿದರು. ಆಮೇಲೆ ಫೋನು ಮಾಡಿ, "ಮಂಗಳವಾರ ಬನ್ನಿ ಸರ್, ಯಜಮಾನರೂ ಇರ್ತಾರೆ. ನಿಮ್ಮ ಸ್ಯಾಲರಿ ಎಕ್ಸ್‌ಪೆಕ್ಟೇಷನ್ ಎಷ್ಟು ಅಂತ ಯೋಚ್ನೆ ಮಾಡ್ಕೊಂಡು ಬನ್ನಿ" ಎಂದರು.

ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು. ನಮ್ಮ ಕಡೆ ದುಡಿಯುವವನು ಸಂಬಳದ ಮಾತು ಆಡುವ ಕ್ರಮವೇ ಬೇರೆ. ಧಣಿಯ ಮುಂದೆ ನಿಂತು, ಗೋಡೆಯ ಮೇಲಿನ ದೇವರ ಫೋಟೋ ನೋಡುತ್ತ, "ನೀವ ನೋಡಿ ಮಾಡ್ರಿ" ಎನ್ನಬೇಕು. ಧಣಿ ನೋಡುತ್ತಾನೆ. ಮಾಡುವುದಿಲ್ಲ. ಮುಂದಿನ ವರ್ಷ ಮತ್ತೆ ಫೋಟೋ ನೋಡುವುದು. ಹೀಗೆ ನೋಡಿ ನೋಡಿ ನಾನು ಇಪ್ಪತ್ನಾಲ್ಕು ಸಾವಿರಕ್ಕೆ ಬಂದು ನಿಂತಿದ್ದೆ. ಈಗ ಇದ್ದಕ್ಕಿದ್ದಂತೆ ನನ್ನ ಬಾಯಿಂದಲೇ ನನ್ನ ದರ ಹೊರಡಬೇಕು ಎಂದರೆ ಹೆಂಗಪ್ಪ? ಹೆಚ್ಚು ಹೇಳಿದರೆ ಕೆಲಸ ಹೋಯಿತು, ಜೊತೆಗೆ ಮೊಣಕಾಲು. ಕಡಿಮೆ ಹೇಳಿದರೆ ಮನೆಯಲ್ಲಿ ಮರ್ಯಾದೆ ಹೋಯಿತು. ಮೊಬೈಲಿನಲ್ಲಿ ಹುಡುಕಿದೆ. ಈ ಹುದ್ದೆಗೆ ದುಬೈಯಲ್ಲಿ ಎಷ್ಟು, ಅಮೆರಿಕದಲ್ಲಿ ಎಷ್ಟು ಎಂದು ಧಾರಾಳವಾಗಿ ತೋರಿಸಿತು. ಬಳ್ಳಾರಿ ಎಂದು ಸೇರಿಸಿದೆ. ನಿಮ್ಮ ಹತ್ತಿರದ ಪ್ಲಂಬರುಗಳು ಎಂದು ಮೂವರ ನಂಬರು ಕೊಟ್ಟಿತು.

ಹೆಂಡತಿಗೆ ಈ ಯಾವ ತೊಳಲಾಟವೂ ಇರಲಿಲ್ಲ.

"ಮೂವತ್ತೈದು ಕೇಳ್ರಿ."

"ಮೂವತ್ತೈದಾ? ಎದ್ದು ಹೋಗು ಅಂದ್ರ?"

"ಎದ್ದು ಬರ್ರಿ. ಅಲ್ಲೇ ಕುಂತು ಏನ್ ಮಾಡ್ತೀರಿ?"

"ಇಪ್ಪತ್ತೆಂಟು ಕೊಟ್ರ ಸಾಕು ಅಂತೀನಿ ನಾನು."

"ನೀವು ಇಪ್ಪತ್ತೆಂಟು ಅಂತೀರಿ, ಅವರು ಇಪ್ಪತ್ತೈದು ಅಂತಾರ, ನೀವು ನಿಮ್ಮಿಷ್ಟ ಅಂತೀರಿ. ನನಗ ಗೊತ್ತಿಲ್ಲೇನು? ಹಳೇ ಬೀರು ಮಾರಿ ಬರ್ರಿ ಅಂದ್ರ ಬೀರೂ ಕೊಟ್ಟು, ಆಟೋ ಬಾಡಗಿನೂ ಕೊಟ್ಟು ಬಂದ ಪುಣ್ಯಾತ್ಮರು ನೀವು. ಸುಮ್ನಿರ್ರಿ, ಐತವಾರ ನಮ್ಮಪ್ಪನ್ನ ಕೇಳೋಣು."

ಅವಳ ಅಪ್ಪ, ಅಂದರೆ ನನ್ನ ಮಾವನವರು, ಕುರುಗೋಡಿನಲ್ಲಿದ್ದಾರೆ. ಆಯುಷ್ಯವೆಲ್ಲ ದನದ ಸಂತೆಗಳಲ್ಲಿ ದಲಾಲರಾಗಿ ಕಳೆದವರು. ಟ್ರ್ಯಾಕ್ಟರು ಬಂದು ಎತ್ತುಗಳ ಜೊತೆಗೆ ಅವರನ್ನೂ ಮನೆಯಲ್ಲಿ ಕೂರಿಸಿತ್ತು. ಆದರೂ ಸುತ್ತಲಿನವರು ಒಂದು ಎಮ್ಮೆ ಮಾರಬೇಕೆಂದರೂ ಅವರನ್ನೇ ಕರೆಯುತ್ತಾರೆ. ಭಾನುವಾರ ಇಬ್ಬರೂ ಅಲ್ಲಿಗೆ ಹೋದೆವು. ನಾನು ಹೇಳಿದ್ದನ್ನೆಲ್ಲ ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮೀಸೆ ಸವರಿಕೊಂಡು ಹೇಳಿದರು:

"ಅಳಿಯಂದ್ರ, ನಾನು ಕಂಡಷ್ಟು ಸಂತಿ ಯಾರೂ ಕಂಡಿಲ್ಲ. ತನ್ನ ರೇಟು ತಾನ ಹೇಳಿದ ಎತ್ತು ಮಾತ್ರ ಇಲ್ಲೀತನ ಒಂದೂ ಕಂಡಿಲ್ಲ."

"ಮಾವಾರ, ಇದು ಇಂಟರ್‌ವ್ಯೂರಿ."

"ಇರಲೇಳ್ರಿ. ನಾನು ಬರ್ತೀನಿ."

ದನದ ವ್ಯಾಪಾರ ನೋಡದವರಿಗಾಗಿ ಒಂದು ಮಾತು. ಅಲ್ಲಿ ಯಾರೂ ಬಾಯಿಂದ ದರ ಹೇಳುವುದಿಲ್ಲ. ದಲಾಲ ಹೆಗಲ ಮೇಲಿನ ವಲ್ಲಿ ತೆಗೆದು ಕೈಮೇಲೆ ಹರಡಿಕೊಳ್ಳುತ್ತಾನೆ. ಕೊಳ್ಳುವವನು ಆ ಬಟ್ಟೆಯ ಕೆಳಗೆ ಕೈ ಇಡುತ್ತಾನೆ. ಮಿಕ್ಕಿದ್ದೆಲ್ಲ ಬೆರಳುಗಳ ಮಾತು; ಮೊದಲು ಹಿಡಿದಷ್ಟು ಬೆರಳು, ಅಷ್ಟು ಹತ್ತು ಸಾವಿರ; ಆಮೇಲೆ ಹಿಡಿದಷ್ಟು ಬೆರಳು, ಅಷ್ಟು ಬಿಡಿ ಸಾವಿರ. ಸುತ್ತ ನೂರು ಜನ ನಿಂತಿದ್ದರೂ ಕುದುರಿದ ದರ ಆ ಇಬ್ಬರಿಗಷ್ಟೇ ಗೊತ್ತು. ಎತ್ತಿಗಂತೂ ಗೊತ್ತಾಗುವುದೇ ಇಲ್ಲ.

ನಾನು ಚಹಾ ಕುಡಿಯುವಷ್ಟರಲ್ಲಿ ಮಾವನವರು ಹಿತ್ತಲಿಗೆ ಹೋಗಿ ಮಗಳ ಜೊತೆ ಏನೋ ಮಾತಾಡಿ ಬಂದರು.

"ಕಡೀಗೆ ಎಷ್ಟಕ್ಕ ಇಳೀತೀರಿ ಮಾವಾರ?" ಎಂದೆ.

"ಮಾಲಕರ ಕೂಡ ಮಾತಾಗೈತ್ರಿ."

"ಯಾರ್ರಿ ಮಾಲಕರು?"

"ಮೇವು ಹಾಕೋರು."

ಹೆಂಡತಿ ಒಳಗೆ ಬಹಳ ಗಂಭೀರವಾಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

ಮಂಗಳವಾರ ಬೆಳಗ್ಗೆ ಮಾವನವರು ಇಸ್ತ್ರಿ ಮಾಡಿದ ಧೋತರ, ಹೊಸ ವಲ್ಲಿಯಲ್ಲಿ ಬಂದರು. ನನಗೆ ಅಂದು ಗಿರಣಿಯಲ್ಲಿ ಮಧ್ಯಾಹ್ನದ ಪಾಳಿ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಯಜಮಾನರ ಕೋಣೆ. ಅವರೂ ಸಿರುಗುಪ್ಪ ತಾಲ್ಲೂಕಿನವರೇ, ಭತ್ತದ ವ್ಯಾಪಾರದಲ್ಲಿ ಬೆಳೆದು, ಡಾಕ್ಟರಾದ ಮಗನಿಗಾಗಿ ಈ ಕಟ್ಟಡ ಎಬ್ಬಿಸಿದವರು. ಮಾವನವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ಹೋದೆ. ಲಿಫ್ಟು ಕೆಟ್ಟರೆ ಏನು ಮಾಡುತ್ತೀರಿ, ಕರೆಂಟು ಹೋದರೆ ಏನು, ಟೆರೇಸಿನ ಮೇಲೆ ಕೋತಿ ಬಂದರೆ ಏನು ಎಂದು ಕೇಳಿದರು. ಹೇಳಿದೆ. ಹಾವಿನ ವಿಷಯ ಅವರು ಕೇಳಲಿಲ್ಲ, ನಾನೇ ಸೇರಿಸಿದೆ. ಕೊನೆಗೆ ಮೇಡಂ ಕಂಪ್ಯೂಟರಿನ ಮೇಲೆ ಬೆರಳಿಟ್ಟುಕೊಂಡು, "ನಿಮ್ಮ ಎಕ್ಸ್‌ಪೆಕ್ಟೇಷನ್ ಹೇಳಿ ಸರ್" ಎಂದರು.

"ಅದನ್ನ ಹೇಳೋರು ಹೊರಗ ಕುಂತಾರ್ರಿ."

"ಏಜೆನ್ಸಿಯವರಾ?"

"ಒಂಥರಾ ಹಂಗರಿ."

ಮಾವನವರು ಒಳಗೆ ಬಂದು ಕೈಮುಗಿದರು. ಯಜಮಾನರು ಮೊದಲು ಮೀಸೆ ನೋಡಿದರು, ಆಮೇಲೆ ವಲ್ಲಿ ನೋಡಿದರು.

"ಯಾವೂರ್ರಿ ನಿಮ್ದು?"

"ಕುರುಗೋಡ್ರಿ."

"ದಲಾಲರಾ?"

"ಹೌದ್ರೀ ಧಣಿ."

ಯಜಮಾನರು ತಿರುಗುವ ಕುರ್ಚಿಯಿಂದ ಎದ್ದು ಬಂದು ಸೋಫಾದ ಮೇಲೆ ಮಾವನವರ ಪಕ್ಕ ಕೂತರು. ಆಸ್ಪತ್ರೆ ಶುರುವಾದಾಗಿನಿಂದ ಅವರ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ ಎಂದು ಮೇಡಂ ಆಮೇಲೆ ನನಗೆ ಹೇಳಿದ್ದಾರೆ.

"ವಯಸ್ಸು?"

"ಐವತ್ತರ ಒಳಗರಿ. ಹಲ್ಲು ಅಷ್ಟೂ ಅದಾವು."

"ಹಾಯೋದು ಒದಿಯೋದು ಐತೇನು?"

"ಛೆ ಛೆ. ಭಾಳ ಸಾಧು. ಇದ್ದದ್ದು ಇದ್ದಂಗ ಹೇಳಿಬಿಡ್ತೀನ್ರಿ, ಬಲಗಡೆ ಮಣಕಾಲು ಒಂಚೂರು ಹಿಡೀತೈತಿ. ಬಸ್ಸು ತಪ್ಪಿತಂದ್ರ ಅದೂ ಹೋಗತೈತಿ. ರಾತ್ರಿ ಗೊರಕಿ ಐತಿ ಅಂತಾಳ ನಮ್ಮ ಮಗಳು, ಅದು ನಿಮ್ಮ ಡ್ಯೂಟಿಗೆ ಬರಂಗಿಲ್ಲ."

"ಸುಳಿ?"

"ಶುದ್ಧ ಐತ್ರಿ."

ಕೆಟ್ಟ ಸುಳಿಯ ಎತ್ತನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ; ನಾನು ಅರಿವಿಲ್ಲದೆ ತಲೆಯ ಸುಳಿ ಮುಟ್ಟಿ ನೋಡಿಕೊಂಡೆ. ವಲ್ಲಿ ಹರಡಿತು. ಇಬ್ಬರ ಕೈಗಳೂ ಒಳಗೆ ಹೋದವು.

"ಸರ್, ಏನ್ ನಡೀತಿದೆ?" ಮೇಡಂ ಪಿಸುಗುಟ್ಟಿದರು.

"ಸಂಬಳದ ಮಾತುಕತಿ ನಡದೈತ್ರಿ."

"ಯಾರೂ ಮಾತೇ ಆಡ್ತಿಲ್ವಲ್ಲ?"

"ಅದ ಪದ್ಧತಿರಿ."

ನಾನು ಬಟ್ಟೆಯ ಏರಿಳಿತದಿಂದ ನನ್ನ ಭವಿಷ್ಯ ಓದಲು ನೋಡಿದೆ. ಒಮ್ಮೆ ನಾಲ್ಕು ಬೆರಳು ಉಬ್ಬಿದಂತಾಯಿತು, ಒಮ್ಮೆ ಎರಡೇ. ಮಾವನವರ ಮುಖ ಕುರುಗೋಡಿನ ಬೆಟ್ಟದ ಬಂಡೆಯಂತಿತ್ತು. ಯಜಮಾನರು ತಲೆಯಾಡಿಸಿದರು, ಮತ್ತೆ ಹಿಡಿದರು, ಕಡೆಗೆ ಕೈ ಹೊರಗೆಳೆದುಬಿಟ್ಟರು.

"ಆಗಂಗಿಲ್ಲ ಬಿಡ್ರಿ. ಈ ರೇಟಿಗೆ ಜೋಡಿ ಬರ್ತಾವ."

"ಬರ್ತಾವ್ರೀ ಧಣಿ. ನೊಗಕ್ಕ ನಿಲ್ಲಂಗಿಲ್ಲ." ಮಾವನವರು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುನಿಂತರು. "ಬರ್ತೀನ್ರಿ."

ಮುರಿಯಿತು ಎಂದುಕೊಂಡೆ. ಇಪ್ಪತ್ತೆಂಟು ಎಂದು ನಾನೇ ಹೇಳಿದ್ದರೆ ಇಷ್ಟು ಹೊತ್ತಿಗೆ ಕೈಯಲ್ಲಿ ಕೆಲಸ ಇರುತ್ತಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಇನ್ನು ಜೀವಮಾನವಿಡೀ ಬಸ್ಸೇ ಗತಿ. ಇರುವ ಬಸ್ಸನ್ನಾದರೂ ಹಿಡಿಯೋಣ ಎಂದು ಎಲ್ಲರಿಗೂ ಒಂದೇ ನಮಸ್ಕಾರ ಹಾಕಿ ದಡದಡ ಮೆಟ್ಟಿಲಿಳಿದೆ, ಹೊರಗೆ ಸಿಕ್ಕ ಆಟೋ ಹತ್ತಿದೆ.

ನನಗೆ ಗೊತ್ತಿರಲಿಲ್ಲ. ದಲಾಲ ಏಳುವುದು ವ್ಯಾಪಾರದ ಒಂದು ಅಂಗ. ಅವನು ಎದ್ದು, ಬಾಗಿಲ ತನಕ ಹೋಗಿ, ಚಪ್ಪಲಿಯನ್ನು ಸಾವಕಾಶವಾಗಿ ಹುಡುಕುತ್ತಾನೆ, ಕೊಳ್ಳುವವನು "ಬರ್ರಿ ಬರ್ರಿ, ಸಿಟ್ಟು ಮಾಡಬ್ಯಾಡ್ರಿ" ಎಂದು ಕರೆಯುತ್ತಾನೆ, ಮತ್ತೆ ಕೂರುತ್ತಾರೆ. ಒಳ್ಳೆಯ ಜೋಡಿಗೆ ಮೂರು ಸಲವಾದರೂ ಏಳಬೇಕು, ಇಲ್ಲದಿದ್ದರೆ ಎರಡೂ ಕಡೆಯವರಿಗೆ ಅವಮಾನ. ಇಷ್ಟೆಲ್ಲ ನಡೆಯುವಾಗ ಎತ್ತು ಕಟ್ಟಿದ ಗೂಟದಲ್ಲೇ ನಿಂತಿರುತ್ತದೆ. ಇದನ್ನು ನನಗೆ ಹೇಳಿಕೊಡುವ ಅಗತ್ಯ ಮಾವನವರಿಗೆ ತೋರಿರಲಿಲ್ಲ. ಅವರು ಎಂದೂ ಎತ್ತಿಗೆ ಹೇಳಿಕೊಟ್ಟವರಲ್ಲ.

ಮುಂದಿನದನ್ನು ಮೇಡಂ ಬಾಯಿಂದ ಕೇಳಿದ್ದೇನೆ. ಯಜಮಾನರು ಪದ್ಧತಿಯಂತೆ ಕರೆದರು, ಮಾವನವರು ಪದ್ಧತಿಯಂತೆ ತಿರುಗಿ ಬಂದು ಕೂತರು. ಆಮೇಲೆ ಯಜಮಾನರು ಸುತ್ತ ನೋಡಿ, "ಇವರೆಲ್ಲಿ?" ಎಂದರು. ಕಿಟಕಿಯ ಬಳಿ ಹೋದರು. ಕೆಳಗೆ ನನ್ನ ಆಟೋ ಧೂಳೆಬ್ಬಿಸಿಕೊಂಡು ಹೊರಟಿತ್ತು.

"ಅಯ್ಯ, ಇವರು ಖರೇನ ಹೊಂಟ್ರಲ್ಲರಿ!"

ಇದು ಮಾವನವರ ಲೆಕ್ಕದಲ್ಲೂ ಇರಲಿಲ್ಲ. ಆದರೆ ಸಂತೆಯಲ್ಲಿ ಹಣ್ಣಾದ ಜೀವ. "ಅವರಿಗೆ ಪುರಸತ್ತಿಲ್ಲರಿ. ಸಿರುಗುಪ್ಪದಾಗ ಅವರ ದಾರಿ ಕಾಯಾಕತ್ತಾರ" ಎಂದರು. ಸುಳ್ಳೇನಲ್ಲ. ಬಾಯ್ಲರ್ ಕಾಯುತ್ತಿತ್ತು. ತನ್ನ ದರ ಕೇಳದೆ ಎದ್ದು ಹೋಗುವ ಮಾಲನ್ನು ಯಜಮಾನರು ಹಿಂದೆಂದೂ ಕಂಡಿರಲಿಲ್ಲ; ಇವನಿಗೆ ಬೇರೆ ದೊಡ್ಡ ಗಿರಾಕಿ ಇದ್ದಾನೆ ಎಂದು ನಿಶ್ಚಯಿಸಿದರು. ಮಾವನವರು ವಲ್ಲಿ ಬಿಚ್ಚುವ ಮೊದಲೇ ಅವರ ಕೈ ಮುಂದೆ ಬಂದಿತ್ತಂತೆ.

ವ್ಯಾಪಾರ ಮುಗಿಯಿತು. ಮೇಡಂ, "ಸರ್, ಪಿಎಫ್ ಇದರಲ್ಲೇ ಸೇರಿತಾ, ಹೊರತಾ?" ಎಂದು ಕೇಳಿದರು.

"ಸೇರೇ ಐತಲ್ಲಮ್ಮಾ" ಎಂದರು ಯಜಮಾನರು.

"ಎಲ್ಲೀದ್ರಿ ಧಣಿ?" ಮಾವನವರ ದನಿ ಮೊದಲ ಸಲ ಏರಿತು. "ಕಟ್ಟಿ ಹಾಕೋ ಹಗ್ಗ ಎಂದಿದ್ರೂ ಕೊಂಡೋರ್ದು."

ನಮ್ಮ ಸಂತೆಗಳಲ್ಲಿ ಮಾರಿದವನು ತನ್ನ ಹಳೆಯ ಹಗ್ಗ ಬಿಚ್ಚಿಕೊಂಡು ಮನೆಗೆ ಹೋಗುತ್ತಾನೆ. ಕೊಂಡವನು ಹೊಸ ಹಗ್ಗ ತಂದು ಕಟ್ಟಿಕೊಳ್ಳಬೇಕು. ಯಜಮಾನರು ಒಂದು ಗಳಿಗೆ ಯೋಚಿಸಿದರು. ನ್ಯಾಯ ನ್ಯಾಯವೇ.

"ಹೌದಮ್ಮಾ. ಹಗ್ಗ ನಮ್ದು. ಬರ್ಕೋ."

"ಹಗ್ಗ ಅಂತ ಬರ್ಕೊಳ್ಳೋದಾ ಸರ್?" ಎಂದರಂತೆ ಮೇಡಂ.

ಅತ್ತ ಬಸ್ಸಿನಲ್ಲಿ ನಾನು ಮೊಣಕಾಲನ್ನು ಸವರುತ್ತ ಅದರ ಕ್ಷಮೆ ಕೇಳುತ್ತಿದ್ದಾಗ ಫೋನು ಬಂತು.

"ಎಲ್ಲಿ ಅದೀರಿ ಅಳಿಯಂದ್ರ?"

"ಬಸ್ಸಿನ್ಯಾಗ್ರಿ. ಮುರೀತಲ್ಲರಿ ವ್ಯಾಪಾರ."

"ಎಪ್ಪಾ, ಗೂಟ ಕಿತ್ಕೊಂಡು ಓಡಿದ್ದು ಇದ ಮೊದಲನೇದು ನೋಡ್ರಿ. ಆಗೈತಿ, ಆಗೈತಿ."

"ಎಷ್ಟಕ್ಕಾತ್ರಿ?"

"ಮಾಲಕರಿಗೆ ಹೇಳೀನಿ." ಫೋನು ಇಟ್ಟರು.

ಮಾಲಕರ ಫೋನು ಬಹಳ ಹೊತ್ತು ಬೇರೆಯವರ ಜೊತೆ ಮಾತಿನಲ್ಲಿತ್ತು. ಕಡೆಗೆ ಸಿಕ್ಕಾಗ, "ಎಷ್ಟಂತ ಹೇಳ ಮಾರಾಯ್ತಿ" ಎಂದೆ.

"ಇಪ್ಪತ್ತೆಂಟು ಸಾಕು ಅಂದಿದ್ದು ಯಾರ್ರಿ?"

"ನಾನ."

"ಹಂಗಾದ್ರ ಮೊದಲು ಗಿರಣ್ಯಾಗ ಬಿಡ್ತೀನಂತ ಹೇಳಿ ಬರ್ರಿ. ಈಗ ರೇಟು ಹೇಳಿದ್ರ ನೀವ ಅವರಿಗೆ ಫೋನ್ ಮಾಡಿ, ಇಷ್ಟು ಯಾಕ್ರಿ, ಕಡಿಮಿ ಮಾಡ್ರಿ ಅಂತೀರಿ. ಮನಿಗೆ ಬಂದ ಮ್ಯಾಲ ಹೇಳ್ತೀನಿ."

ಹೀಗೆ ನಾನು ಹೊಸ ಸಂಬಳ ಎಷ್ಟೆಂದು ತಿಳಿಯದೆ ಹಳೆಯ ಸಂಬಳ ಬಿಡಲು ಗಿರಣಿಯ ಧಣಿಯ ಮುಂದೆ ನಿಂತೆ. ದೇವರ ಫೋಟೋ ನೋಡಲಿಲ್ಲ.

"ಎಷ್ಟು ಕೊಡ್ತಾರ ಅಲ್ಲಿ?" ಎಂದರು ಧಣಿ.

"ಗೊತ್ತಿಲ್ಲರಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೇಳಬ್ಯಾಡ ಬಿಡಪ್ಪ. ಭಾಳ ದೊಡ್ಡದ ಇರಬೇಕು."

ಸಂಬಳ ಮೂವತ್ತನಾಲ್ಕು ಸಾವಿರಕ್ಕೆ ಕುದುರಿತ್ತು, ಪಿಎಫ್ ಹೊರತಾಗಿ. ಮಾವನವರು ಎರಡೂ ಕಡೆಯಿಂದ ದಲಾಲಿ ತೆಗೆದುಕೊಂಡರು. ನಾನು ಮುಂದಿನ ತಿಂಗಳ ಒಂದನೇ ತಾರೀಖಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ.