ಅಡ್ಡ ಇಟ್ಟ ರೇಡಿಯೊ

ಮಗಳು ಅಟ್ಟದಿಂದ ನಮ್ಮ ಹಳೆಯ ರೇಡಿಯೊ ಇಳಿಸಿದಾಗ, ಹಿಂದೆಂದೋ ಸೆಲ್ಲು ಸೋರಿ ಒಣಗಿದ್ದ ಹುಳಿ ವಾಸನೆ ಮನೆಯೆಲ್ಲ ಹಬ್ಬಿತು. ರಾತ್ರಿಯಿಡೀ ರೇಡಿಯೊ ಕೇಳುವ ಹುಡುಗಿಯ ಬಗ್ಗೆ ಹಾಡೊಂದು ಬಂದಿದೆಯಲ್ಲ, ಮುಂಬಯಿ ಕಡೆಯ ನಮ್ಮ ಘಣಸೋಲಿಯ ರಿಕ್ಷಾಗಳಲ್ಲೆಲ್ಲ ಈಗ ಅದೇ. ಅದಕ್ಕೆ ಇವಳೊಂದು ರೀಲ್ ಮಾಡಬೇಕಂತೆ. ಟೇಬಲ್ಲಿನ ಮೇಲೆ ರೇಡಿಯೊವನ್ನು ಮುಖ ಎದುರಿಗೆ ಬರುವಂತೆ ನೆಟ್ಟಗೆ ಇಟ್ಟಳು. ನನ್ನ ಕೈ ತಾನಾಗಿ ಹೋಗಿ ಅದನ್ನು ಅಡ್ಡ ತಿರುಗಿಸಿತು.

“ಮಮ್ಮಿ, ಸೀದಾ ರಖೋ ನಾ! ಚೆಹ್ರಾ ದಿಖನಾ ಚಾಹಿಯೆ.” ರೀಲಿನಲ್ಲಿ ರೇಡಿಯೊದ ಮುಖ ಕಾಣಬೇಕಂತೆ.

ಅಡ್ಡ ಇಡುವುದನ್ನು ನಾನು ಕಲಿತದ್ದು ನಾವು ಮೊದಲಿದ್ದ ವಿಠ್ಠಲವಾಡಿಯ ಚಾಳಿನಲ್ಲಿ, ಪಕ್ಕದ ಖೋಲಿಯ ವೈನಿಯಿಂದ. ವಿಜಯಪುರದ ಕಡೆಯವಳು. ಗಂಡ ಕಲ್ಯಾಣದ ಮಾರ್ಕೆಟ್ಟಿನಲ್ಲಿ ರಾತ್ರಿ ಹಮಾಲಿ ಮಾಡುತ್ತಿದ್ದ. ಇವಳು ಬಾಗಿಲು ತೆರೆದಿಟ್ಟು, ಹೊಸಿಲ ಬಳಿ ರೇಡಿಯೊ ಇಟ್ಟುಕೊಂಡು ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. ಊರಿನ ಕನ್ನಡ ಸ್ಟೇಷನ್ ನಮ್ಮಲ್ಲಿಗೆ ಮುಟ್ಟುತ್ತಿದ್ದುದು ರಾತ್ರಿ ಮಾತ್ರ, ಅದೂ ಅವಳೊಬ್ಬಳ ಖೋಲಿಗೆ.

ನನ್ನ ಗಂಡ ಹೋಟೆಲಿನ ಕೆಲಸ ಮುಗಿಸಿ ಬರುವಾಗ ಹತ್ತು ದಾಟಿರುತ್ತಿತ್ತು. ಮೊದಮೊದಲು ಅವಳ ಬಾಗಿಲಲ್ಲಿ ಒಂದು ಹಾಡಿಗೆ ನಿಂತರು. ಆಮೇಲೆ ನೆಲದ ಮೇಲೆ ಕೂರುವುದೇ ರೂಢಿಯಾಯಿತು. “ಬರ್ರಿ ಅಣ್ಣಾರ, ಕೂಡ್ರಿ, ಈಗ ಹಚ್ಚತಾರ ನೋಡ್ರಿ” ಎನ್ನುತ್ತಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ, ನನಗೂ ಗೊತ್ತಿತ್ತು. ಆದರೆ ನನ್ನ ಹತ್ತಿರ “ಊಟ ಹಾಕು” ಬಿಟ್ಟರೆ ಮಾತಿಲ್ಲದ ಮನುಷ್ಯ ಅಲ್ಲಿ ತಲೆಯಾಡಿಸುತ್ತ ಗುನುಗುತ್ತಿದ್ದರು. ಗೋಡೆಯ ಈಚೆ ಸಾರು ತಣ್ಣಗಾಗುತ್ತಿತ್ತು, ನಾನು ಉರಿಯುತ್ತಿದ್ದೆ.

ಹಟಕ್ಕೆ ಬಿದ್ದು ಅವಳದ್ದಕ್ಕಿಂತ ದೊಡ್ಡ ರೇಡಿಯೊ ತರಿಸಿದೆ. ಕಸೂತಿ ಹಾಕಿದ ಬಟ್ಟೆ ಹೊದಿಸಿ, ಬಂದವರಿಗೆಲ್ಲ ಎದುರಾಗುವಂತೆ ಶೋಕೇಸಿನಲ್ಲಿ ಕೂರಿಸಿದೆ. ಮುಂಬಯಿಯ ಸ್ಟೇಷನ್ನುಗಳು ಗಂಟಲು ಹರಿದುಕೊಂಡು ಹಾಡಿದವು. ಕನ್ನಡಕ್ಕೆ ಬಂದರೆ ಬರೀ ಗೊರಗೊರ. ಇವರು ಎರಡು ದಿನ ಕಿವಿಯಿಟ್ಟು ಕೇಳಿ, ಮೂರನೆಯ ದಿನ ಮತ್ತೆ ಆ ಹೊಸಿಲಿಗೇ ಹೋದರು. ಅವಳ ರೇಡಿಯೊವೋ, ಬಂದವರಿಗೆ ಪಕ್ಕೆ ತೋರಿಸಿಕೊಂಡು ಅಡ್ಡ ಕೂತಿರುತ್ತಿತ್ತು. ಒಂದು ವಸ್ತು ಇಡುವ ನಾಜೂಕೂ ಗೊತ್ತಿಲ್ಲದವಳು ಎಂದು ನಾನು ಒಳಗೊಳಗೇ ನಗುತ್ತಿದ್ದೆ...

ಒಂದು ದಿನ ತಡೆಯಲಾಗದೆ ಸುಳ್ಳು ಹೇಳಿದೆ. “ವೈನಿ, ನಿಮ್ಮ ರೇಡಿಯೊ ಶಬ್ದಕ್ಕೆ ಮಗು ಮಲಗುದೇ ಇಲ್ಲ ಮಾರಾಯ್ರೆ.” ಮಗು ದಿನಾ ಗೊರಕೆ ಹೊಡೆಯುತ್ತಿತ್ತು.

ಅವಳ ಮುಖ ಸಣ್ಣದಾಯಿತು. “ಅಯ್ಯ, ನನಗ ಗೊತ್ತಾಗ್ಲಿಲ್ಲರಿ ಅಕ್ಕಾರ.”

ಅಂದಿನಿಂದ ಅವಳ ಬಾಗಿಲು ಬೇಗ ಮುಚ್ಚುತ್ತಿತ್ತು. ಇವರು ನೇರ ಮನೆಗೆ ಬರತೊಡಗಿದರು. ಗುನುಗುವುದೂ ನಿಂತಿತು. ನಾನು ಗೆದ್ದೆ ಅಂದುಕೊಂಡೆ...

ಮುಂದಿನ ವರ್ಷ ವೈನಿಯ ಮನೆಯವರು ಕಾಮೋಠೆಗೆ ಹೊರಟರು. ಹಿಂದಿನ ರಾತ್ರಿ ಹೇಳಿಹೋಗಲು ಬಂದವಳು ನನ್ನ ರೇಡಿಯೊದ ಬಟ್ಟೆ ತೆಗೆದು, ಚಾಲೂ ಮಾಡಿ, ಮೆಲ್ಲಗೆ ಅಡ್ಡ ತಿರುಗಿಸಿದಳು. ಗೊರಗೊರದ ನಡುವಿನಿಂದ ಕನ್ನಡದ ಹಾಡು ತಿಳಿಯಾಗಿ ಎದ್ದು ಬಂತು.

“ಹಿಂಗ ಹೊಳ್ಳಿಸಿ ಇಡ್ರಿ, ಊರಿನ ಸ್ಟೇಷನ್ ಹಿಡಿತೈತಿ. ಸಣ್ಣಗ ಹಚ್ರಿ ಮತ್ತ, ಕೂಸು ಮಕ್ಕೊಂಡೈತಿ” ಎಂದಳು.

ಅವಳಿಗೆ ನನ್ನ ಸುಳ್ಳು ಗೊತ್ತಿತ್ತೋ ಇಲ್ಲವೋ... ನಮ್ಮ ಮನೆಯಲ್ಲೂ ಹಾಡು ಬಂತು. ಇವರು ಉಣ್ಣುತ್ತ ಕೇಳಿದರು, ಗುನುಗಲಿಲ್ಲ. ಹೋದ ವರ್ಷ ಅವಳು ತೀರಿಕೊಂಡ ಸುದ್ದಿ ಬಂತು. ಘಣಸೋಲಿಯಿಂದ ಕಾಮೋಠೆ ಏನು ಮಹಾ ದೂರ! ಒಮ್ಮೆ ಹೋಗಿ ನಿಜ ಹೇಳಿಬಿಡಬಹುದಿತ್ತು. ಹೋಗಲಿಲ್ಲ.

ಅಂದು ಗೊರಕೆ ಹೊಡೆಯುತ್ತಿದ್ದ ಮಗಳು ರೀಲ್ ಮುಗಿಸಿ ಎದ್ದಳು. ಸೆಲ್ಲಿಲ್ಲದ ಆ ಡಬ್ಬವನ್ನು ನಾನು ಮತ್ತೆ ಅಡ್ಡ ಇಟ್ಟೆ. ಒಳಗಿನಿಂದ ಬಂದ ಇವರು ಅದನ್ನು ನೋಡಿ, ನೋಯುವ ಮೊಣಕಾಲು ಹಿಡಿದುಕೊಂಡು ಬಾಗಿಲ ಬಳಿ ನೆಲದ ಮೇಲೆ ಕೂತರು. ಈ ವಯಸ್ಸಿನಲ್ಲೂ ಹೊಟ್ಟೆ ಉರಿಯಿತು, ಅದೂ ಇಲ್ಲದವಳ ಮೇಲೆ. ಕುರ್ಚಿ ಎಳೆದುಕೊಡಲು ಹೋದವಳು ಅದನ್ನು ಅಲ್ಲೇ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಇವರು ಗುನುಗತೊಡಗಿದರು.