ಚಿಕಿತ್ಸೆ ಬಿಟ್ಟವರ ಪಟ್ಟಿ

ನನ್ನ ಪ್ರಕಟಣೆಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕೂತಿದ್ದ ಲೇಖನವನ್ನು ನಾನೇ ಕೆಡವಿದೆ. ವಿಜಯಪುರದ ನನ್ನ ಸಹೋದ್ಯೋಗಿಗಳು ಇದನ್ನು ಹುಚ್ಚು ಎನ್ನುತ್ತಾರೆ. ಎನ್ನಲಿ.

ಕ್ಯಾನ್ಸರ್ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸುವ ಹೆಣ್ಣುಮಕ್ಕಳ ಬಗ್ಗೆ ಬರೆದ ಲೇಖನ ಅದು. ಅವರ ಮೇಲೆ ಅದುವರೆಗೆ ಮಾಡಿದ ಖರ್ಚೆಲ್ಲ ವ್ಯರ್ಥ ಎಂದು ತೋರಿಸಿದ್ದೆವು. ಬೇರೆ ಸಂಶೋಧಕರು ಅದನ್ನು ಮತ್ತೆ ಮತ್ತೆ ಉಲ್ಲೇಖಿಸಿದರು. ಪ್ರೊಫೆಸರ್ ಹುದ್ದೆಗೆ ಬೇಕಾದಷ್ಟು ಪ್ರಕಟಣೆ ನನ್ನಲ್ಲಿದ್ದದ್ದು ಅದೊಂದು ಸೇರಿದರೆ ಮಾತ್ರ.

ತಿಕೋಟಾದ ಒಂದು ಮನೆ ನನಗೆ ಸ್ಪಷ್ಟವಾಗಿ ನೆನಪಿತ್ತು. ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಗಳು, ಸ್ತನದ ಕ್ಯಾನ್ಸರ್. ಅವಳು ನಮ್ಮ ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಿದಾಗ ಹುಡುಕಿಕೊಂಡು ಹೋಗಿದ್ದೆ. ಹೊಸ್ತಿಲ ಮೇಲೆ ಕೂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಔಷಧ ಪೂರಾ ನಿಲ್ಲಿಸ್ಯಾಳ್ರಿ ಸರ" ಅಂದಿದ್ದಳು. ಎಷ್ಟೋ ವಿಚಾರಗೋಷ್ಠಿಗಳಲ್ಲಿ ಈ ಪ್ರಸಂಗ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಪ್ರೊಫೆಸರ್ ಹುದ್ದೆಗೆ ಅರ್ಜಿ ಬರೆಯುವಾಗ ಹಳೆಯ ನೋಟ್‌ಬುಕ್ ತೆಗೆದೆ. ಆ ಮನೆಯ ಪುಟದಲ್ಲಿ ಅತ್ತೆಯೂ ಇಲ್ಲ, ಕಣ್ಣೀರೂ ಇಲ್ಲ. ನನ್ನದೇ ಅಕ್ಷರದಲ್ಲಿ ಒಂದೇ ಸಾಲು: "ಮನೆಗೆ ಬೀಗ. ಪಕ್ಕದವರು ಹೇಳಿದ್ದು: ತವರು, ಬಬಲೇಶ್ವರ, ಅಣ್ಣ ಟೇಲರ್."

ನಮ್ಮ ಫಾರ್ಮಿನಲ್ಲಿ ಎರಡೇ ಖಾನೆಗಳಿದ್ದವು: ಚಿಕಿತ್ಸೆ ಮುಗಿಸಿದವರು, ಬಿಟ್ಟವರು. ತವರಿಗೆ ಹೋದವಳನ್ನು ಎರಡನೆಯದಕ್ಕೆ ಹಾಕಿದ್ದೆ. ಹಾಗಾದರೆ ಆ ಅತ್ತೆ ಎಲ್ಲಿಂದ ಬಂದಳು? ಬೇರೆ ಮನೆಯವಳೋ, ಹೇಳಿ ಹೇಳಿ ನಾನೇ ಹುಟ್ಟಿಸಿದವಳೋ, ಇಂದಿಗೂ ಗೊತ್ತಿಲ್ಲ.

ಭಾನುವಾರ ಬಬಲೇಶ್ವರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಟೇಲರ್ ಮನೆ ತೋರಿಸಿದರು. ಪಡಸಾಲೆಯಲ್ಲಿ ಒಬ್ಬಾಕೆ ಶೇಂಗಾ ಸುಲಿಯುತ್ತಿದ್ದಳು. ಹೆಸರು ಕೇಳಿದೆ, ಅವಳೇ. ಮಾತಾಡಿಸಿ, ನಾನು ಯಾರೆಂದು ಹೇಳಿ, ಕೊನೆಗೆ ಬಂದ ಕಾರಣ ಹೇಳಿದೆ.

"ನಾ ಚಿಕಿತ್ಸಾ ಬಿಟ್ಟೇನಂತ ಬರದೀರಿ? ಯಾರ್ನ ಕೇಳಿ ಬರದ್ರಿ?"

"ನಿಮ್ಮ ಅತ್ತಿ ಹೇಳಿದ್ರಂತ ನನಗ ನೆನಪೈತ್ರಿ ಅಕ್ಕಾರ."

"ನಮ್ಮತ್ತಿ? ಇಲ್ಲಿಂದ ಚಿಕಿತ್ಸಾಕ್ಕ ಮಿರಜದ ದವಾಖಾನಿಗೆ ಹೋಗೂವಾಗ ತಿಕೋಟಾದಾಗ ಬಸ್ ಬದಲಿ ಮಾಡ್ತಿದ್ವಿರಿ. ಪ್ರತಿ ಸಲ ಆ ಮುದುಕಿ ರೊಟ್ಟಿ ಬುತ್ತಿ ಹಿಡಕೊಂಡು ಸ್ಟ್ಯಾಂಡಿನ್ಯಾಗ ನಿಂತಿರತಿದ್ಳು. ತಲಿಕೂದ್ಲ ಎಲ್ಲಾ ಉದರಿದ್ರೂ ಒಂದ ಪಾಳಿ ತಪ್ಪಿಸಿಲ್ಲ ನಾ."

"ಮತ್ತ ತವರಿಗ್ಯಾಕ ಬಂದ್ರಿ?"

"ಬ್ಯಾನಿ ಬಿದ್ದಾಕಿ ತವರಿಗೆ ಬರ್ತಾಳ್ರಿ. ಇಲ್ಲಿ ಹಗಲೊತ್ತಿನ್ಯಾಗ ಮಲಕೊಂಡ್ರ ಯಾರೂ ಏನೂ ಅನ್ನೂದಿಲ್ಲ. ಇಷ್ಟ ಓದಿದವ್ರಿಗೆ ಇದನ್ನೂ ಹೇಳ್ಬೇಕೇನ?"

ಹೇಳಬೇಕಿರಲಿಲ್ಲ. ಟೈಫಾಯ್ಡ್ ಬಂದಾಗ ನನ್ನ ಅಕ್ಕ ನಮ್ಮ ಮನೆಯಲ್ಲೇ ತಿಂಗಳು ಮಲಗಿದ್ದಳು. ಅವಳ ಹಾಸಿಗೆಯ ಪಕ್ಕ ಕೂತೇ ನಾನು ಪರೀಕ್ಷೆಗೆ ಓದಿದ್ದೆ. ಫಾರ್ಮ್ ತುಂಬುವಾಗ ಅದು ನೆನಪಾಗಲಿಲ್ಲ.

ನಿಮ್ಮ ಮೇಲಿನ ಖರ್ಚು ದಂಡ ಎಂದು ಬರೆದಿದ್ದೇವೆ ಅಂದೆ. ಮುಚ್ಚಿಡುವುದು ಸರಿ ಅನ್ನಿಸಲಿಲ್ಲ. ಅವಳು ಬುಟ್ಟಿ ಬದಿಗಿಟ್ಟು ಒಳಗೆ ಕೂಗಿದಳು: "ಅಣ್ಣಾ, ಹೊರಗ ಬಾರೋ! ದಂಡ ಆದಾಕಿನ್ನ ನೋಡಾಕ ವಿಜಾಪುರದಿಂದ ಸರ ಬಂದಾರ!" ಅಣ್ಣ ನಕ್ಕ. ಅವಳು ನಗಲಿಲ್ಲ. "ಅಳಿಸ್ರಿ ಅದನ್ನ" ಅಂದಳು.

ಮರುದಿನ ನೋಟ್‌ಬುಕ್ ಪೂರ್ತಿ ತಿರುವಿದೆ. ಬಿಟ್ಟವರ ಪಟ್ಟಿಯಲ್ಲಿದ್ದ ಇನ್ನೂ ಹಲವರ ಮುಂದೆ ತವರು ಎಂದೇ ಬರೆದಿತ್ತು. ಲೇಖನದಲ್ಲಿ ನನ್ನ ಜೊತೆ ಹೆಸರಿದ್ದದ್ದು ನಮ್ಮ ವಿಭಾಗದ ಹಿರಿಯರೊಬ್ಬರದು. ಗಾಂಧಿ ಚೌಕದ ಚಹಾ ಅಂಗಡಿಯಲ್ಲಿ ಅವರಿಗೆ ಆ ಪುಟಗಳನ್ನು ತೋರಿಸಿದೆ.

"ನೋಡಪಾ, ಮೊದ್ಲ ಪ್ರಮೋಶನ್ ಆಗ್ಲಿ. ಆಮ್ಯಾಲ ಬೇಕಾದ್ದ ತಿದ್ದು" ಅಂದರು.

"ಆಮ್ಯಾಲ ತಿದ್ದಿದ್ರ ಹುದ್ದೆ ಸುಳ್ಳಿನ ಮ್ಯಾಲೆ ತಗೊಂಡಂಗ ಆಗ್ತೈತ್ರಿ ಸರ."

"ನಿನ್ನ ನೆನಪಿಗಿಂತ ಈ ಪುಟ ಖರೇ ಅಂತ ಹ್ಯಾಂಗ ಹೇಳ್ತಿ?"

"ಎರಡನ್ನೂ ನಂಬಿಲ್ರಿ. ಅದಕ್ಕ ಹೋಗಿ ನೋಡಿ ಬಂದೀನಿ."

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಲೇಖನ ಹಿಂಪಡೆಯಿರಿ ಎಂದು ಪತ್ರಿಕೆಗೆ ಬರೆದ ಪತ್ರಕ್ಕೆ ಅವರು ಸಹಿ ಹಾಕಲಿಲ್ಲ. ಸಂದರ್ಶನದ ಮೊದಲೇ ನಾನೊಬ್ಬನೇ ಸಹಿ ಮಾಡಿ ಕಳಿಸಿದೆ, ಅರ್ಜಿಯಿಂದಲೂ ಆ ಲೇಖನವನ್ನು ಹೊಡೆದುಹಾಕಿದೆ. ಹುದ್ದೆ ಬರಲಿಲ್ಲ. ಅದಕ್ಕಾಗಿ ಯಾರ ಮುಂದೆಯೂ ಮುಖ ಸಣ್ಣದು ಮಾಡಿಕೊಂಡಿಲ್ಲ.

ಈಗ ಭಾನುವಾರಗಳಂದು ಪಟ್ಟಿಯ ಉಳಿದ ಮನೆಗಳಿಗೆ ಹೋಗುತ್ತಿದ್ದೇನೆ. ಕಳೆದ ವಾರ ಮಮದಾಪುರದಲ್ಲಿ ಒಬ್ಬಾಕೆ ನಿಜವಾಗಿಯೂ ಚಿಕಿತ್ಸೆ ಬಿಟ್ಟಿದ್ದಳು. ಈಗ ಅವಳಿಲ್ಲ. ಗಂಡ ಹೇಳಿದ್ದನ್ನು ಅಲ್ಲೇ ಬರೆದು ಅವನಿಗೆ ಓದಿ ಹೇಳಿದೆ. ಆಸ್ಪತ್ರೆಗೆ ಬರಲು ಅವಳೇ ಒಪ್ಪಲಿಲ್ಲ ಎಂಬಲ್ಲಿ ಅವನು ನನ್ನನ್ನು ತಡೆದ. "ಬರಾಂಗಿಲ್ಲ ಅಂತ ಆಕಿ ಅಂದಿಲ್ರಿ. ನಾ ಕರಕೊಂಡು ಹೋಗಲಿಲ್ಲ. ಹಂಗ ಬರೀರಿ." ಹಾಗೆಯೇ ಬರೆದೆ.