ಐಬು ಹೇಳಿ ಕೊಂಡ ಕಾರು

ಪಾಂಡವಪುರದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಕನಕರಾಜು ಅವರ ಟ್ರಾಕ್ಟರ್ ರಿಪೇರಿ ಶೆಡ್ಡು ಇದೆ. ಅದರ ಹಿಂಭಾಗದಲ್ಲಿ, ಟಾರ್ಪಾಲಿನಡಿ, ಎರಡೇ ಸೀಟಿನ ತೆರೆದ ಬ್ರಿಟಿಷ್ ಕಾರೊಂದು ನಿಂತಿದೆ. 1954ರ ಎಂ.ಜಿ. ಕಂಪನಿಯದು. ಸೈಕಲ್ಲಿನಂತೆ ಕಡ್ಡಿಯ ಚಕ್ರ, ಮುಂದೆ ಚಾಚಿದ ಉದ್ದನೆಯ ಮೂತಿ. ಮೂರು ವರ್ಷದಿಂದ ಅದು ಅವರ ಭಾನುವಾರಗಳನ್ನು ತಿನ್ನುತ್ತಿದೆ.

ಕಾರು ಮೊದಲು ಇದ್ದದ್ದು ಬೆಳಗೊಳದ ಚಿಕ್ಕಬೋರಮ್ಮನ ಹಿತ್ತಲಿನ ಕೊಟ್ಟಿಗೆಯಲ್ಲಿ. ಆಕೆಯ ಗಂಡ ಸಿದ್ದರಾಜು ಒಬ್ಬ ಇಂಗ್ಲಿಷ್ ಎಂಜಿನಿಯರಿಗೆ ಡ್ರೈವರಾಗಿದ್ದರು. ಇಂಗ್ಲೆಂಡಿಗೆ ಹಿಂದಿರುಗುವಾಗ ಆ ದೊರೆ ಕಾರನ್ನು ಅವರಿಗೇ ಬಿಟ್ಟುಹೋದ. ಸಿದ್ದರಾಜು ತೀರಿಕೊಂಡ ಮೇಲೆ ಆಕೆ ಅದನ್ನು ಮಾರಲು ನಿಶ್ಚಯಿಸಿದರು. ಮೂರು ವರ್ಷದ ಹಿಂದೆ, 1994ರ ಬೇಸಿಗೆಯಲ್ಲಿ, ಸುದ್ದಿ ಕನಕರಾಜು ಕಿವಿಗೆ ಬಿತ್ತು.

ಕನಕರಾಜು ಅವರ ತಂದೆ ದನದ ದಲ್ಲಾಳಿ. ಕೆ.ಆರ್. ಪೇಟೆ, ನಾಗಮಂಗಲದ ಸಂತೆಗಳಲ್ಲಿ ಅವರಿಂದ ಕಲಿತ ಮೊದಲ ಪಾಠವೆಂದರೆ, ಮನಸ್ಸಿಗೆ ಬಂದ ಎತ್ತನ್ನು ಹೊಗಳಬಾರದು. ಐಬು ಹೇಳಬೇಕು, ಟವೆಲ್ ಕೊಡವಿ ಎದ್ದು ಹೊರಡಬೇಕು.

ಬೆಳಗೊಳದಲ್ಲಿ ಅವರು ಮಾಡಿದ್ದೂ ಅದನ್ನೇ. ಬಾನೆಟ್ ಎತ್ತಿ ನೋಡಿದರು. ಎಂಜಿನ್ ಮೇಲಿನ ನಂಬರು ಕಾಗದದ ನಂಬರಿಗೆ ಸರಿಹೊಂದಿತು. ತಗಡಿನ ಒಳಗಿನ ಮರದ ಚೌಕಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರು. ಹಿಂದಿನ ಒಂದು ಪಟ್ಟಿ ಬಿಟ್ಟರೆ ಎಲ್ಲವೂ ಗಟ್ಟಿ. ಸೀಟಿನ ಎದುರಿನ ಹಲಗೆಯಲ್ಲಿ ಎಂಟು ಮೂಲೆಯ ಮೂರು ಮೀಟರುಗಳೂ ಇದ್ದವು. ಓಡುವ ಕಾರಿಗಿಂತ, ಓಡದಿದ್ದರೂ ಹುಟ್ಟಿದಾಗಿನ ಭಾಗಗಳನ್ನೆಲ್ಲ ಉಳಿಸಿಕೊಂಡ ಕಾರಿಗೇ ಬೆಲೆ ಹೆಚ್ಚು ಎಂಬುದು ಅವರ ಲೆಕ್ಕ. ಪಿಸ್ಟನ್ ಮಾಡಿಸಬಹುದು, ಆ ಮೀಟರು ಎಲ್ಲಿ ಸಿಗುತ್ತದೆ?

ಬಾಯಲ್ಲಿ ಹೇಳಿದ್ದು ಬೇರೆ. "ಬಣ್ಣ ಸುಲ್ಕಂಡೈತೆ ಕಣವ್ವ. ಸೀಟು ಅರ್ದೋಗೈತೆ. ಮೀಟ್ರು ಒಂದೂ ಆಡಾಕಿಲ್ಲ. ಇದನ್ನ ಯಾರ್ ತಗಂಡಾರು?" ಒಂದು ಕಡಿಮೆ ಬೆಲೆ ಹೇಳಿ ಎದ್ದುಬಂದರು.

ಸಂತೆಯಲ್ಲಿ ಮಾರುವವನಿಗೂ ಈ ಆಟ ಗೊತ್ತಿರುತ್ತದೆ. ಚಿಕ್ಕಬೋರಮ್ಮ ಯಾವತ್ತೂ ದನ ಮಾರಿದವರಲ್ಲ.

ಕೆಲವು ವಾರ ಬಿಟ್ಟು ಕನಕರಾಜು ಗೆಳೆಯ ಹುಚ್ಚಯ್ಯನನ್ನು ಜೊತೆಗೆ ಕರೆದುಕೊಂಡು ಹೋದರು. ಹುಚ್ಚಯ್ಯ ಇಂದಿಗೂ ದನದ ದಲ್ಲಾಳಿ. ಕೊಟ್ಟಿಗೆಯ ಬಾಗಿಲು ತೆಗೆದರೆ ಕಾರು ಕೆಂಪಗೆ ಹೊಳೆಯುತ್ತಿತ್ತು. ಚಕ್ರದ ಕಡ್ಡಿಗಳಿಗೂ ಕೆಂಪು ಪೇಂಟು. ಚರ್ಮದ ಸೀಟಿನ ಜಾಗದಲ್ಲಿ ನೀಲಿ ರೆಕ್ಸಿನ್. ಮೀಟರುಗಳಿದ್ದ ಕಡೆ ಒಂದು ತಗಡು.

"ನೀನ್ ಏಳಿದ್ದೆಲ್ಲಾ ಮಾಡ್ಸ್‌ಬುಟ್ಟೆ ಕಣಪ್ಪ," ಎಂದರು ಚಿಕ್ಕಬೋರಮ್ಮ. "ಈಗೇನ್ ಐಬು ತಗೀತೀಯೋ ತಗಿ."

"ಮೀಟ್ರು ಎಲ್ಲವ್ವ?"

"ಆಡಾಕಿಲ್ಲ ಅಂದ್ಯಲ್ಲ. ಗುಜರಿಯೋನ್ಗೆ ಆಕ್ದೆ."

ಹುಚ್ಚಯ್ಯನಿಗೆ ನಗು ತಡೆಯಲಾಗಲಿಲ್ಲ. "ಲೇ, ಎತ್ತಿನ ಕೊಂಬು ಸೊಟ್ಟ ಅಂದೆ ಕಣ್ಲಾ. ಅವ್ವ ಕೊಂಬೇ ಕುಯ್ಸ್‌ಬುಟ್ಟವ್ರೆ!" ಆಮೇಲೆ ಪಕ್ಕಕ್ಕೆ ಎಳೆದು ಪಿಸುಗುಟ್ಟಿದ: "ಈಗ ಅರ್ಧಕ್ಕೂ ಬಾಳಾಕಿಲ್ಲ. ಅಂಗಂತ ಏಳಿ ಇನ್ನೂ ಇಳ್ಸು."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆ ಸ್ಥಿತಿಯಲ್ಲಿ ಕಾರಿನ ಬೆಲೆ ನಿಜಕ್ಕೂ ಬಿದ್ದುಹೋಗಿತ್ತು. ಆದರೆ ಅದನ್ನು ಹೇಳಿದರೆ, ಆಕೆ ಕೈಯಾರೆ ಖರ್ಚು ಮಾಡಿ ಕೆಡಿಸಿಕೊಂಡರೆಂದು ಹೇಳಿದಂತೆ. ಕೆಡಿಸಿದ್ದು ಯಾರ ಮಾತು? ಕನಕರಾಜು ಜಗಲಿಯ ಮೇಲೆ ಕೂತರು. ಆಕೆ ತಂದಿಟ್ಟ ಕಾಫಿ ಆರಿತು.

"ಅವ್ವ, ನಾನ್ ಅವತ್ತು ಸುಳ್ಳೇಳ್ದೆ," ಎಂದರು ಕೊನೆಗೆ. "ಕಾರು ಚೆನ್ನಾಗಿತ್ತು. ನಂಗೆ ಬೇಕಾಗಿತ್ತು, ಅದ್ಕೇ ಅಂಗಂದೆ. ನೀವು ಏನೂ ಮಾಡ್ಸ್‌ಬಾರ್ದಾಗಿತ್ತು."

ಹುಚ್ಚಯ್ಯ ಎದ್ದು ಬೀದಿಗೆ ಹೋಗಿ ಬೀಡಿ ಹಚ್ಚಿದ.

ಚಿಕ್ಕಬೋರಮ್ಮ ಮೊದಲು ಕೇಳಿದ್ದು ದುಡ್ಡಿನ ವಿಷಯವನ್ನಲ್ಲ. "ಅಂಗಾರೆ ನಮ್ಮೋರು ಸರ್ಯಾಗೇ ಮಡಗಿದ್ರಾ ಅದ್ನ?"

"ಇಷ್ಟು ಚೆನ್ನಾಗಿ ಮಡಗಿರೋ ಕಾರನ್ನ ನಾನ್ ಇನ್ನೆಲ್ಲೂ ಕಂಡಿಲ್ಲ ಕಣವ್ವ."

"ದಿನಾ ಒರಸೋರು. ನೀನ್ ಅಷ್ಟು ಐಬು ಏಳ್ದ್‌ಮೇಲೆ, ಅವ್ರಿಗೆ ಏನೂ ಗೊತ್ತಿರ್ನಿಲ್ವೇನೋ ಅನ್ಕಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಅವತ್ತು ಎಷ್ಟು ಬಾಳ್ತಿತ್ತು, ದಿಟವಾಗೇಳು."

ಕನಕರಾಜು ಮೊದಲ ದಿನ ಮನಸ್ಸಿನಲ್ಲೇ ಕಟ್ಟಿದ್ದ ಬೆಲೆ ಹೇಳಿದರು. ಅದು ಬಾಯಲ್ಲಿ ಹೇಳಿದ್ದರ ಎರಡರಷ್ಟಿತ್ತು. ಕೆಡದ ಕಾರಿನ ಬೆಲೆಯನ್ನು ಕೊಟ್ಟು, ಕೆಟ್ಟ ಕಾರನ್ನು ಟ್ರಾಕ್ಟರಿಗೆ ಕಟ್ಟಿ ಎಳೆದುತಂದರು. ಪಾಂಡವಪುರ ಮುಟ್ಟುವವರೆಗೂ ಹುಚ್ಚಯ್ಯ ಬೈದ.

ಗುಜರಿಯಲ್ಲಿ ಎರಡು ಮೀಟರು ಸಿಕ್ಕವು. ಮೂರನೆಯದು ಕರಗಿಹೋಗಿತ್ತು. ಕೆಂಪು ಪೇಂಟನ್ನು ಅವರು ಅಂಗೈಯಗಲ ಅಂಗೈಯಗಲವಾಗಿ ಕೆರೆಯುತ್ತಿದ್ದಾರೆ. ಅಡಿಯಲ್ಲಿ ಸಿದ್ದರಾಜು ದಿನಾ ಒರೆಸುತ್ತಿದ್ದ ಹಳೆಯ ಹಸಿರು ಬಣ್ಣ ಅಲ್ಲಲ್ಲಿ ಉಳಿದಿದೆ. ಬೆಳಗೊಳದ ಕಡೆಯಿಂದ ಯಾರಾದರೂ ಟ್ರಾಕ್ಟರು ತಂದರೆ, ಎಷ್ಟು ಹಸಿರು ಕಂಡಿದೆಯೆಂದು ಚಿಕ್ಕಬೋರಮ್ಮನಿಗೆ ಹೇಳಿಕಳಿಸುತ್ತಾರೆ.